ವಾರದಲ್ಲಿ ಹನ್ನೆರಡು ಗಂಟೆ: ನಾನಾ ದೇಶಗಳಲ್ಲಿ ರಕ್ತಶುದ್ಧಿಯ ಚಿಕಿತ್ಸೆ

ಕೊಪ್ಪಳದಲ್ಲಿ ರೈಲುಹಳಿಯನ್ನು ದಾಟಿ ಮುಂದೆ ನಡೆದರೆ ಭಾಗ್ಯನಗರ ಸಿಕ್ಕುತ್ತದೆ. ಈ ಊರಿನಲ್ಲಿ ಎರಡು ಕಸುಬುಗಳು ಹೆಸರಾಗಿವೆ. ಒಂದು ನೇಕಾರಿಕೆ, ಇನ್ನೊಂದು ಕೂದಲಿನ ಕೆಲಸ. ತಂದ ಕೂದಲನ್ನು ತೊಳೆದು, ಬಾಚಿ, ಉದ್ದಕ್ಕೆ ತಕ್ಕಂತೆ ವಿಂಗಡಿಸಿ, ಕಟ್ಟು ಕಟ್ಟುವ ಕೆಲಸದಲ್ಲಿ ಇಲ್ಲಿಯ ಎಷ್ಟೋ ಮನೆಗಳ ಕೈಗಳು ಪಳಗಿವೆ. ಆದಕಾರಣ ನಾವು ಇಂದು ವಿವರಿಸಹೊರಟಿರುವ ಸಾಧನವನ್ನು ಭಾಗ್ಯನಗರದ ವಿದ್ಯಾರ್ಥಿಗಳು ಉಳಿದವರಿಗಿಂತ ಬೇಗನೆ ಮನಸ್ಸಿಗೆ ತಂದುಕೊಳ್ಳಬಲ್ಲರು.

ಆ ಸಾಧನ ಒಂದು ಗೇಣಿಗಿಂತ ಸ್ವಲ್ಪ ಉದ್ದವಾದ ಪಾರದರ್ಶಕ ಕೊಳವೆ. ಅದರೊಳಗೆ ಬೆಳ್ಳಗಿನ ಎಳೆಗಳ ಒಂದು ಕಟ್ಟು ಇರುತ್ತದೆ. ದೂರದಿಂದ ನೋಡಿದವರಿಗೆ ಅದು ನರೆತ ಕೂದಲಿನ ಜಡೆಯಂತೆಯೇ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಪ್ರತಿಯೊಂದು ಎಳೆಯೂ ಟೊಳ್ಳು. ಎಳೆಯ ಒಳವ್ಯಾಸ ಸುಮಾರು 0.2 ಮಿಲಿಮೀಟರು, ಎಂದರೆ ಎರಡು ಮೂರು ತಲೆಗೂದಲುಗಳನ್ನು ಪಕ್ಕಪಕ್ಕದಲ್ಲಿ ಇಟ್ಟಷ್ಟು. ಇಂತಹ ಸುಮಾರು ಹತ್ತು ಸಾವಿರ ಎಳೆಗಳು ಒಂದೊಂದು ಕೊಳವೆಯಲ್ಲಿಯೂ ಇರುತ್ತವೆ. ಇದಕ್ಕೆ ಡಯಲೈಸರ್ ಎಂದು ಹೆಸರು. ಎರಡು ಮೂತ್ರಪಿಂಡಗಳೂ ಕೆಟ್ಟುಹೋದ ಮನುಷ್ಯನನ್ನು ಬದುಕಿಸಿ ಇಡುವುದು ಈ ಟೊಳ್ಳು ಎಳೆಗಳ ಕಟ್ಟು. ಈ ಚಿಕಿತ್ಸೆಯನ್ನು ಡಯಾಲಿಸಿಸ್ ಎಂದು ಕರೆಯುತ್ತಾರೆ. ಶಾಸ್ತ್ರಗ್ರಂಥಗಳಲ್ಲಿ ‘ಅಪೋಹನ’ ಎಂಬ ಮಾತೂ ಉಂಟು.

ಈ ಎಳೆಗಳು ಮಾಡುವ ಕೆಲಸ ಎಲ್ಲ ದೇಶಗಳಲ್ಲಿಯೂ ಒಂದೇ. ಆದರೆ ಅದಕ್ಕೆ ಮೈಯೊಡ್ಡಿ ಬದುಕುವ ಮನುಷ್ಯನ ದಿನಚರಿ ಒಂದೊಂದು ದೇಶದಲ್ಲಿ ಒಂದೊಂದು ಬಗೆಯಾಗಿದೆ. ಹಾಗೇಕೆ ಎಂಬುದನ್ನು ವಿಚಾರಿಸುವುದೇ ಈ ಪಾಠದ ಉದ್ದೇಶ.

ಮೂತ್ರಪಿಂಡದ ಲೆಕ್ಕ

ಮೊದಲು ಆರೋಗ್ಯವಂತನ ಲೆಕ್ಕವನ್ನು ನೋಡೋಣ. ನಮ್ಮ ಎರಡು ಮೂತ್ರಪಿಂಡಗಳಲ್ಲಿ ಒಂದೊಂದರಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಶೋಧಕಗಳಿವೆ. ಇವುಗಳಿಗೆ ನೆಫ್ರಾನ್‌ಗಳೆಂದು ಹೆಸರು. ಇವು ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸಿ, ಅದರಲ್ಲಿ ಬೇಕಾದುದನ್ನೆಲ್ಲ ಮತ್ತೆ ಹೀರಿಕೊಂಡು, ಬೇಡವಾದ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಕಳುಹಿಸುತ್ತವೆ. ವಾರಕ್ಕೆ 168 ಗಂಟೆ. ಆ 168 ಗಂಟೆಗಳಲ್ಲಿ ಒಂದು ಗಳಿಗೆಯೂ ಇವಕ್ಕೆ ವಿರಾಮವಿಲ್ಲ.

ಇವು ಸಂಪೂರ್ಣವಾಗಿ ಸೋತಾಗ ಯೂರಿಯ ಮುಂತಾದ ಕಶ್ಮಲಗಳು ರಕ್ತದಲ್ಲಿ ಸೇರುತ್ತ ಹೋಗುತ್ತವೆ. ಪೊಟಾಸಿಯಂ ಏರುತ್ತದೆ, ಅದು ಮಿತಿಮೀರಿದರೆ ಹೃದಯದ ಬಡಿತವೇ ನಿಲ್ಲಬಹುದು. ಕುಡಿದ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಕಾಲಿನಲ್ಲಿ, ಮುಖದಲ್ಲಿ, ಕೊನೆಗೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಆಗ ಯಂತ್ರದ ನೆರವು ಬೇಕಾಗುತ್ತದೆ.

ಪೊರೆಯ ಗುಟ್ಟು

1861ರಲ್ಲಿ ಥಾಮಸ್ ಗ್ರಹಾಂ ಎಂಬ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞನು ಚರ್ಮದಂತಹ ಒಂದು ಬಗೆಯ ಕಾಗದದ ಮೂಲಕ ಸಣ್ಣ ಅಣುಗಳು ಹಾಯ್ದುಹೋಗುತ್ತವೆಂದೂ, ದೊಡ್ಡ ಅಣುಗಳು ಹಿಂದೆ ಉಳಿಯುತ್ತವೆಂದೂ ತೋರಿಸಿ, ಈ ಕ್ರಿಯೆಗೆ ಡಯಾಲಿಸಿಸ್ ಎಂಬ ಹೆಸರನ್ನು ಕೊಟ್ಟನು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಇದನ್ನು ನಾವೇ ಮಾಡಿ ನೋಡಬಹುದು. ಪೊರೆಯ ಚೀಲವೊಂದರಲ್ಲಿ ಉಪ್ಪನ್ನೂ ಬೇಯಿಸಿದ ಪಿಷ್ಟದ ಗಂಜಿಯನ್ನೂ ತುಂಬಿ, ಬಾಯಿ ಕಟ್ಟಿ, ಶುದ್ಧವಾದ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಬೇಕು. ಬಳಿಕ ಹೊರಗಿನ ನೀರನ್ನು ಎರಡು ಪಾಲು ಮಾಡಬೇಕು. ಒಂದು ಪಾಲಿಗೆ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಹಾಕಿದರೆ ಬಿಳಿಯ ಒತ್ತರ ಕಾಣಿಸುತ್ತದೆ. ಎಂದರೆ ಉಪ್ಪು ಹೊರಗೆ ಬಂದಿದೆ. ಇನ್ನೊಂದಕ್ಕೆ ಅಯೋಡಿನ್ ಹಾಕಿದರೆ ನೀಲಿ ಬಣ್ಣ ಬರುವುದಿಲ್ಲ. ಎಂದರೆ ಪಿಷ್ಟ ಒಳಗೇ ಉಳಿದಿದೆ.

ಡಯಲೈಸರಿನಲ್ಲಿ ನಡೆಯುವುದೂ ಇದೇ. ಟೊಳ್ಳು ಎಳೆಗಳ ಒಳಗೆ ರಕ್ತ ಹರಿಯುತ್ತದೆ. ಹೊರಗೆ, ವಿರುದ್ಧ ದಿಕ್ಕಿನಲ್ಲಿ, ಒಂದು ದ್ರಾವಣ ಹರಿಯುತ್ತದೆ. ಯೂರಿಯ ಮತ್ತು ಹೆಚ್ಚಿನ ಪೊಟಾಸಿಯಂ ಪೊರೆಯನ್ನು ದಾಟಿ ದ್ರಾವಣಕ್ಕೆ ಹೋಗುತ್ತವೆ. ರಕ್ತಕಣಗಳೂ ಪ್ರೋಟೀನುಗಳೂ ದೊಡ್ಡವಾದುದರಿಂದ ಉಳಿಯುತ್ತವೆ. ಸೋಡಿಯಂ, ಕ್ಯಾಲ್ಸಿಯಂ ಮೊದಲಾದುವು ದೇಹಕ್ಕೆ ಬೇಕಾದುವಷ್ಟೆ. ಅವು ಸೋರಿಹೋಗದಂತೆ ದ್ರಾವಣದಲ್ಲಿಯೂ ಅವನ್ನು ಮೊದಲೇ ತಕ್ಕ ಪ್ರಮಾಣದಲ್ಲಿ ಬೆರೆಸಿರುತ್ತಾರೆ. ದೇಹದಲ್ಲಿ ಮಿಕ್ಕಿದ ನೀರನ್ನು ಒತ್ತಡದ ಅಂತರದಿಂದ ಸೆಳೆಯುತ್ತಾರೆ.

ಈ ತತ್ತ್ವವನ್ನು ಮನುಷ್ಯನ ಮೇಲೆ ಪ್ರಯೋಗಿಸಿ ಫಲ ಕಂಡವನು ಹಾಲೆಂಡಿನ ವೈದ್ಯ ವಿಲೆಂ ಕೋಲ್ಫ್. 1943ರಲ್ಲಿ, ತನ್ನ ದೇಶ ಜರ್ಮನರ ವಶದಲ್ಲಿದ್ದಾಗ, ಕಾಂಪೆನ್ ಎಂಬ ಸಣ್ಣ ಊರಿನಲ್ಲಿ ಅವನು ಒಂದು ತಿರುಗುವ ಪೀಪಾಯಿಗೆ ಸೆಲ್ಲೊಫೇನ್ ಕೊಳವೆಯನ್ನು ಸುತ್ತಿ ಯಂತ್ರವನ್ನು ಮಾಡಿದನು. ಮೊದಲ ಎರಡು ವರ್ಷಗಳ ಶ್ರಮ ಹೆಚ್ಚುಕಡಿಮೆ ನಿಷ್ಫಲವಾಯಿತು. 1945ರಲ್ಲಿ 67 ವರ್ಷದ ಒಬ್ಬ ಹೆಂಗಸು ಈ ಯಂತ್ರದಿಂದ ಬದುಕಿ ಉಳಿದಳು. ಆದರೆ ಅವಳದು ತಾತ್ಕಾಲಿಕವಾದ ಕಾಯಿಲೆ. ಮೂತ್ರಪಿಂಡ ಶಾಶ್ವತವಾಗಿ ಕೆಟ್ಟವರಿಗೆ ವಾರವಾರವೂ ಚಿಕಿತ್ಸೆ ಬೇಕು. ಪ್ರತಿ ಸಲವೂ ಹೊಸದಾಗಿ ರಕ್ತನಾಳವನ್ನು ಕೊಯ್ಯುತ್ತ ಹೋದರೆ ನಾಳಗಳೇ ಮುಗಿದುಹೋಗುತ್ತವೆ. 1960ರಲ್ಲಿ ಅಮೆರಿಕದ ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರ್ ಕೈಯ ನಾಳಗಳಲ್ಲಿ ಟೆಫ್ಲಾನ್ ಕೊಳವೆಗಳನ್ನು ಕಾಯಂ ಆಗಿ ಇಡುವ ಉಪಾಯವನ್ನು ಕಂಡುಹಿಡಿದನು. ಅವನ ಮೊದಲ ರೋಗಿ ಹತ್ತು ವರ್ಷಗಳಿಗೂ ಮಿಕ್ಕಿ ಬದುಕಿದನು. 1966ರಲ್ಲಿ ನ್ಯೂಯಾರ್ಕಿನ ವೈದ್ಯರು ಕೈಯ ಧಮನಿಯನ್ನೂ ಅಭಿಧಮನಿಯನ್ನೂ ಒಂದಕ್ಕೊಂದು ಹೊಲಿದು ಕೂಡಿಸುವ ವಿಧಾನವನ್ನು ಪ್ರಕಟಿಸಿದರು. ಇದೇ ಫಿಸ್ಟುಲ. ಇಂದಿಗೂ ಎಲ್ಲ ದೇಶಗಳಲ್ಲಿಯೂ ಇದೇ ಉತ್ತಮವೆಂದು ಮನ್ನಣೆ ಪಡೆದಿದೆ.

ಭಾಗ್ಯನಗರದ ನೇಕಾರನ ವಾರ

ಭಾಗ್ಯನಗರದ ಒಬ್ಬ ನೇಕಾರನನ್ನು ಕಲ್ಪಿಸಿಕೊಳ್ಳೋಣ. ವಯಸ್ಸು 48. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ; ಜೊತೆಗೆ ರಕ್ತದ ಒತ್ತಡ. ಅವನ ಎಡಗೈಯಲ್ಲಿ ಫಿಸ್ಟುಲ ಇದೆ. ಆ ಕೈಯ ಮೇಲೆ ಬೆರಳಿಟ್ಟರೆ ರಕ್ತ ಹರಿಯುವ ಕಂಪನ ತಿಳಿಯುತ್ತದೆ. ಆ ಕೈಯಿಂದ ಭಾರ ಎತ್ತಬಾರದು, ಅದರ ಮೇಲೆ ತಲೆಯಿಟ್ಟು ಮಲಗಬಾರದು, ಅದರಲ್ಲಿ ರಕ್ತದೊತ್ತಡ ನೋಡಿಸಬಾರದು. ಎರಡು ಕೈಗಳಿಂದಲೂ ದುಡಿಯುವ ನೇಕಾರನಿಗೆ ಇದು ಸಣ್ಣ ಮಾತಲ್ಲ.

ಚಿಕಿತ್ಸೆಯ ದಿನ ಅವನು ಹಳಿ ದಾಟಿ ಕೊಪ್ಪಳಕ್ಕೆ ಹೋಗಬೇಕು. ಒಬ್ಬನೇ ಹೋಗುವಂತಿಲ್ಲ, ಮರಳುವಾಗ ಕಣ್ಣು ಕತ್ತಲೆಗೂಡಬಹುದು, ಕಾಲಿನ ಮೀನಖಂಡ ಹಿಡಿಯಬಹುದು. ಆದಕಾರಣ ಹೆಂಡತಿಯೋ ಮಗನೋ ಜೊತೆಗೆ ಬರಬೇಕು. ಒಂದು ಮನೆಯಲ್ಲಿ ಇಬ್ಬರ ದಿನಗೂಲಿ ಒಂದೇ ದಿನ ತಪ್ಪುತ್ತದೆ. ಮೊದಲು ತೂಕ ನೋಡುತ್ತಾರೆ. ಹಿಂದಿನ ಸಲಕ್ಕಿಂತ ಮೂರು ಕಿಲೋ ಹೆಚ್ಚಿದ್ದರೆ ಮೂರು ಲೀಟರು ನೀರು ಸೇರಿದೆ ಎಂದು ಅರ್ಥ. ಎರಡು ಸೂಜಿಗಳನ್ನು ಚುಚ್ಚಿ, ನಾಲ್ಕು ಗಂಟೆಗಳ ಕಾಲ ಯಂತ್ರಕ್ಕೆ ಜೋಡಿಸುತ್ತಾರೆ.

ಕೊಪ್ಪಳದ ಬೇಸಗೆಯನ್ನು ಬಲ್ಲವರು ಮುಂದಿನ ಮಾತನ್ನು ಅರಿಯಬಲ್ಲರು. ಮೂತ್ರವೇ ಬಾರದ ರೋಗಿ ದಿನಕ್ಕೆ ಕುಡಿಯಬಹುದಾದ ನೀರು, ಚಹ, ಮಜ್ಜಿಗೆ, ಸಾರು ಎಲ್ಲ ಕೂಡಿ ಅರ್ಧ ಲೀಟರಿಗಿಂತ ಬಹಳ ಹೆಚ್ಚಾಗುವಂತಿಲ್ಲ. ಉಪ್ಪು ತಿಂದರೆ ಬಾಯಾರಿಕೆ. ಆದುದರಿಂದ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಬಿಡಬೇಕು. ಬೇರೆ ಕಾಯಿಲೆಯವರಿಗೆ ಪ್ರೀತಿಯಿಂದ ಕೊಡುವ ಎಳನೀರೂ ಬಾಳೆಹಣ್ಣೂ ಪೊಟಾಸಿಯಂ ಹೆಚ್ಚಿರುವುದರಿಂದ ಇವನಿಗೆ ವಿಷಪ್ರಾಯ. ನೋಡಲು ಬರುವ ಬಂಧುಗಳು ಎಳನೀರನ್ನು ಹಿಡಿದು ಬರುವುದನ್ನು ಬಿಟ್ಟರೆ ದೊಡ್ಡ ಉಪಕಾರವಾಗುತ್ತದೆ. ಜೋಳದ ರೊಟ್ಟಿಯನ್ನು ಅವನು ತಿನ್ನಬಹುದು. ಸೊಪ್ಪು ತರಕಾರಿಗಳನ್ನು ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿ ಪಲ್ಯ ಮಾಡಬೇಕು.

ಹಿಂದೆ ಈ ಭಾಗದ ರೋಗಿಗಳು ಹುಬ್ಬಳ್ಳಿಗೋ ಬಳ್ಳಾರಿಗೋ ಹೋಗಬೇಕಾಗಿತ್ತು. 2016ರಲ್ಲಿ ಕೇಂದ್ರ ಸರಕಾರವು ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಘೋಷಿಸಿದ ಮೇಲೆ ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಬಡವರಿಗೆ ಉಚಿತವಾಗಿ ದೊರೆಯುವ ವ್ಯವಸ್ಥೆ ಹಬ್ಬಿತು. ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಯಂತ್ರಗಳು ಬಂದುವು. ಇದರಿಂದ ಉಳಿದ ಪ್ರಾಣಗಳು ಬಹಳ. ಆದರೂ ನಮ್ಮ ದೇಶದಲ್ಲಿ ಎಷ್ಟೋ ರೋಗಿಗಳು ವಾರಕ್ಕೆ ಮೂರು ಸಲದ ಬದಲು ಎರಡೇ ಸಲ ಚಿಕಿತ್ಸೆ ಪಡೆಯುತ್ತಾರೆ. ಪ್ರಯಾಣದ ಖರ್ಚು, ತಪ್ಪಿದ ಕೂಲಿ, ಯಂತ್ರಗಳ ಕೊರತೆ, ಇವೇ ಕಾರಣಗಳು. ಮೂರು ಸಲವಾದರೆ ವಾರಕ್ಕೆ ಹನ್ನೆರಡು ಗಂಟೆ. ಎರಡು ಸಲವಾದರೆ ಎಂಟು. ಸಹಜವಾದ ಮೂತ್ರಪಿಂಡದ 168 ಗಂಟೆಗಳ ಎದುರಿಗೆ ಇದನ್ನು ಇಟ್ಟು ನೋಡಿದರೆ ನಾಲ್ಕು ಗಂಟೆಗಳ ಕೊರತೆ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ. ವಾರಕ್ಕೆ ಮೂರು ಸಲ ಚಿಕಿತ್ಸೆ ಪಡೆಯುವವರಲ್ಲಿ ಕೂಡ, ಎರಡು ದಿನಗಳ ಬಿಡುವು ಬಂದ ಮರುದಿನವೇ ಸಾವುಗಳೂ ಹೃದಯದ ತೊಂದರೆಗಳೂ ಹೆಚ್ಚೆಂದು ಅಮೆರಿಕದ 32,000 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಒಂದು ಅಧ್ಯಯನ 2011ರಲ್ಲಿ ತೋರಿಸಿತು.

ನೀರಿನ ಪ್ರಶ್ನೆ

ಇಲ್ಲಿ ಕೊಪ್ಪಳ ಜಿಲ್ಲೆಯವರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯಿದೆ. ದ್ರಾವಣವು ನಿಮಿಷಕ್ಕೆ 500 ಮಿಲಿಲೀಟರಿನಂತೆ ಹರಿಯುತ್ತದೆ. ನಾಲ್ಕು ಗಂಟೆಗೆ 120 ಲೀಟರು. ವಾರಕ್ಕೆ ಮೂರು ಸಲವಾದರೆ 360 ಲೀಟರು. ಆರೋಗ್ಯವಂತನು ವಾರಕ್ಕೆ ಕುಡಿಯುವುದು ಸುಮಾರು 14 ಲೀಟರು ಮಾತ್ರ. ಅದರ ಇಪ್ಪತ್ತೈದು ಪಟ್ಟಿಗೂ ಮಿಕ್ಕ ನೀರು ರೋಗಿಯ ರಕ್ತಕ್ಕೆ ಒಂದು ತೆಳುವಾದ ಪೊರೆಯ ಅಂತರದಲ್ಲಿ ಹರಿದುಹೋಗುತ್ತದೆ. ಕುಡಿದ ನೀರಿಗೆ ಕರುಳಿನ ತಡೆಯುಂಟು. ಈ ನೀರಿಗೆ ಅಂತಹ ತಡೆಯಿಲ್ಲ.

ಕೊಪ್ಪಳ, ಯಲಬುರ್ಗಾ, ಕುಷ್ಟಗಿ ತಾಲ್ಲೂಕುಗಳ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು ತಿಳಿದ ವಿಷಯವೇ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂದು ನಿಯಮ. ಡಯಾಲಿಸಿಸ್‌ಗೆ ಬಳಸುವ ನೀರಿನಲ್ಲಿ ಅದು 0.2 ಮಿಲಿಗ್ರಾಂ ಮೀರಬಾರದು. ಆದುದರಿಂದ ಡಯಾಲಿಸಿಸ್ ಘಟಕದ ಹಿಂದಿನ ಕೋಣೆಯಲ್ಲಿರುವ ನೀರು ಶುದ್ಧಿಯ ಸಾಧನವು ಎದುರಿನ ಯಂತ್ರದಷ್ಟೇ ಮುಖ್ಯ. ಇದು ಕೇವಲ ಬಡ ನಾಡುಗಳ ಚಿಂತೆಯಲ್ಲ. 1993ರಲ್ಲಿ ಅಮೆರಿಕದ ಚಿಕಾಗೋ ನಗರದ ಒಂದು ಘಟಕದಲ್ಲಿ ಶುದ್ಧಿಯ ಸಾಧನದ ಶಕ್ತಿ ತೀರಿಹೋಗಿ, ಅದರಲ್ಲಿ ಸೇರಿದ್ದ ಫ್ಲೋರೈಡ್ ಒಮ್ಮೆಲೇ ಬಿಡುಗಡೆಯಾಗಿ, ಹನ್ನೆರಡು ರೋಗಿಗಳು ಅಸ್ವಸ್ಥರಾದರು, ಮೂವರು ತೀರಿಕೊಂಡರು. 1996ರಲ್ಲಿ ಬ್ರೆಜಿಲ್ ದೇಶದ ಕರುವಾರು ಎಂಬಲ್ಲಿ, ಬರಗಾಲದಲ್ಲಿ ಕೆರೆಯಲ್ಲಿ ಬೆಳೆದ ಪಾಚಿಯಂತಹ ಜೀವಿಗಳ ವಿಷ ನೀರಿನೊಂದಿಗೆ ಬಂದು ಐವತ್ತಕ್ಕೂ ಹೆಚ್ಚು ರೋಗಿಗಳು ಯಕೃತ್ತು ಕೆಟ್ಟು ಸತ್ತರು. ಎರಡು ಕಡೆಯೂ ಯಂತ್ರ ಸರಿಯಾಗಿಯೇ ಇತ್ತು. ಕೆಟ್ಟುದು ನೀರು.

ಅಮೆರಿಕ ಮತ್ತು ಜಪಾನ್

ಈಗ ಹೊರನಾಡುಗಳಿಗೆ ಹೋಗೋಣ. ಸಿಯಾಟಲ್ ನಗರದಲ್ಲಿ 1962ರಲ್ಲಿ ಡಯಾಲಿಸಿಸ್ ಕೇಂದ್ರ ತೆರೆದಾಗ ಯಂತ್ರಗಳು ಕೆಲವೇ ಇದ್ದುವು, ರೋಗಿಗಳು ಹಲವರಿದ್ದರು. ಯಾರಿಗೆ ಚಿಕಿತ್ಸೆ ಕೊಡಬೇಕೆಂಬುದನ್ನು ನಿರ್ಧರಿಸಲು ಏಳು ಜನರ ಒಂದು ಸಮಿತಿಯನ್ನು ಮಾಡಿದರು. ರೋಗಿಯ ವಯಸ್ಸು, ಮಕ್ಕಳೆಷ್ಟು, ಉದ್ಯೋಗವೇನು ಎಂದು ತೂಗಿನೋಡಿ ಅವರು ಆರಿಸುತ್ತಿದ್ದರು. ಆರಿಸದೆ ಉಳಿದವರ ಗತಿ ಏನೆಂಬುದನ್ನು ಹೇಳಬೇಕಾಗಿಲ್ಲ. ಈ ಸಂಗತಿ ಪತ್ರಿಕೆಯಲ್ಲಿ ಬಂದಾಗ ದೇಶವೇ ಬೆಚ್ಚಿತು. ಕೊನೆಗೆ 1972ರಲ್ಲಿ ಕಾನೂನು ಮಾಡಿ, ಮೂತ್ರಪಿಂಡ ಸೋತವರಲ್ಲಿ ಹೆಚ್ಚುಕಡಿಮೆ ಎಲ್ಲರ ವೆಚ್ಚವನ್ನೂ ಸರಕಾರದ ವಿಮೆ ವಹಿಸುವಂತೆ ಮಾಡಿದರು. ಈಗ ಅಲ್ಲಿ ಹೆಚ್ಚಿನವರು ವಾರಕ್ಕೆ ಮೂರು ದಿನ ಕೇಂದ್ರಕ್ಕೆ ಹೋಗಿ ಒರಗುಕುರ್ಚಿಯಲ್ಲಿ ಕುಳಿತು ಚಿಕಿತ್ಸೆ ಪಡೆಯುತ್ತಾರೆ. ರಕ್ತವನ್ನು ನಿಮಿಷಕ್ಕೆ 400 ಮಿಲಿಲೀಟರಿನಷ್ಟು ವೇಗದಲ್ಲಿ ಹರಿಸುವುದು ಅಲ್ಲಿ ವಾಡಿಕೆ.

ಜಪಾನಿನಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಡಯಾಲಿಸಿಸ್ ಮೇಲೆ ಬದುಕಿದ್ದಾರೆ. ಅಲ್ಲಿ ರಕ್ತವನ್ನು ನಿಮಿಷಕ್ಕೆ ಸುಮಾರು 200 ಮಿಲಿಲೀಟರಿನಂತೆ ನಿಧಾನವಾಗಿ ಹರಿಸುತ್ತಾರೆ. ಒಮ್ಮೆ ಬಳಸಿದ ಡಯಲೈಸರನ್ನು ಮತ್ತೆ ಬಳಸುವುದಿಲ್ಲ. ನಮ್ಮಲ್ಲಿಯಾದರೋ ಅದೇ ರೋಗಿಗೆ ತೊಳೆದು ಹಲವು ಸಲ ಬಳಸುವುದು ಸಾಮಾನ್ಯ. ರೋಗಿ ತಿಂಗಳಿಗೆ ಕೈಯಿಂದ ಕೊಡುವ ಹಣಕ್ಕೆ ಮಿತಿಯುಂಟು. ಹೆಚ್ಚಿನವರಿಗೆ ಅದು 10,000 ಯೆನ್. ಇಪ್ಪತ್ತು ಮೂವತ್ತು ವರ್ಷ ಹೀಗೆ ಬದುಕಿದವರು ಅಲ್ಲಿ ಅಪರೂಪವಲ್ಲ. ಆದರೆ ಈ ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ಸತ್ತವರ ಅಂಗದಾನ ಆ ದೇಶದಲ್ಲಿ ವಿರಳವಾದುದರಿಂದ, ಬೇರೊಬ್ಬರ ಮೂತ್ರಪಿಂಡಕ್ಕಾಗಿ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಕಾಯಬೇಕಾಗುತ್ತದೆ.

ಮನೆಯಲ್ಲಿಯೇ ಚಿಕಿತ್ಸೆ

ಹಾಂಗ್‌ಕಾಂಗ್ ಬೇರೊಂದು ದಾರಿಯನ್ನು ಹಿಡಿಯಿತು. ನಮ್ಮ ಹೊಟ್ಟೆಯ ಒಳಗೋಡೆಗೆ ಹೊದಿಸಿರುವ ತೆಳುವಾದ ಪೊರೆಯೂ ಒಂದು ಸಹಜ ಶೋಧಕವೇ. ಮೃದುವಾದ ನಳಿಕೆಯ ಮೂಲಕ ಎರಡು ಲೀಟರಿನಷ್ಟು ದ್ರಾವಣವನ್ನು ಹೊಟ್ಟೆಯೊಳಗೆ ಬಿಟ್ಟು, ಕೆಲವು ಗಂಟೆಗಳ ಬಳಿಕ ಹೊರಗೆ ತೆಗೆದು ಹೊಸತನ್ನು ತುಂಬಿದರೆ, ಕಶ್ಮಲಗಳು ಅದರೊಂದಿಗೆ ಹೊರಬರುತ್ತವೆ. ದಿನಕ್ಕೆ ಮೂರು ನಾಲ್ಕು ಸಲ, ಸಲಕ್ಕೆ ಅರ್ಧ ಗಂಟೆಯಂತೆ, ರೋಗಿಯೇ ಮನೆಯಲ್ಲಿ ಇದನ್ನು ಮಾಡಿಕೊಳ್ಳಬಹುದು. ಸೂಜಿ ಬೇಡ, ಯಂತ್ರ ಬೇಡ, ವಾರಕ್ಕೆ ಮೂರು ಸಲದ ಪ್ರಯಾಣ ಬೇಡ. ಹಾಂಗ್‌ಕಾಂಗಿನ ಸರಕಾರಿ ಆಸ್ಪತ್ರೆಗಳು 1985ರಿಂದ ಇದನ್ನೇ ಮೊದಲ ಚಿಕಿತ್ಸೆಯಾಗಿ ಕೊಡುತ್ತ ಬಂದಿವೆ. ಥೈಲೆಂಡ್ ಕೂಡ 2008ರಲ್ಲಿ ಈ ಕ್ರಮವನ್ನು ಕೈಗೊಂಡು ಹಳ್ಳಿಗಾಡಿನ ಬಡವರಿಗೆ ಚಿಕಿತ್ಸೆಯನ್ನು ಮುಟ್ಟಿಸಿತು. ಆದರೆ ಇದಕ್ಕೆ ಕೈಗಳ ಶುಚಿತ್ವ ಅತ್ಯಗತ್ಯ. ಒಂದು ಸಲ ಎಚ್ಚರ ತಪ್ಪಿದರೂ ಹೊಟ್ಟೆಯ ಪೊರೆಗೆ ಸೋಂಕು ತಗಲಬಹುದು. ದ್ರಾವಣದ ಚೀಲಗಳನ್ನು ಇಡಲು ಮನೆಯಲ್ಲಿ ಧೂಳಿಲ್ಲದ ಒಂದು ಮೂಲೆಯೂ ಬೇಕು. ಮಗ್ಗವೇ ಅರ್ಧ ಮನೆಯನ್ನು ಆಕ್ರಮಿಸಿದ ನೇಕಾರನಿಗೆ ಅದು ಸುಲಭವಲ್ಲ.

ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಗಳಲ್ಲಿ ಯಂತ್ರವನ್ನೇ ಮನೆಗೆ ತಂದುಕೊಟ್ಟು, ಅದನ್ನು ನಡೆಸುವುದನ್ನು ರೋಗಿಗೆ ಕಲಿಸುವುದುಂಟು. ರಾತ್ರಿ ಮಲಗಿರುವಾಗಲೇ ಎಂಟು ಗಂಟೆಗಳ ಕಾಲ ರಕ್ತಶುದ್ಧಿ ಮಾಡಿಕೊಂಡು ಹಗಲು ಕೆಲಸಕ್ಕೆ ಹೋಗುವವರು ಅಲ್ಲಿದ್ದಾರೆ. ಹೆಚ್ಚು ಗಂಟೆಗಳ ಚಿಕಿತ್ಸೆಯಾದುದರಿಂದ ಅವರಿಗೆ ಆಹಾರ ಪಾನೀಯಗಳ ಕಟ್ಟುಪಾಡೂ ಸಡಿಲ.

ಆಸ್ಟ್ರೇಲಿಯದ ಮರುಭೂಮಿಯಲ್ಲಿ ನಡೆದ ಒಂದು ಸಂಗತಿಯನ್ನು ನಮ್ಮ ನೇಕಾರರ ಊರಿನವರು ಕೇಳಲೇಬೇಕು. ಕಿಂಟೋರ್ ಎಂಬ ದೂರದ ಊರಿನ ಮೂಲನಿವಾಸಿಗಳಲ್ಲಿ ಮೂತ್ರಪಿಂಡದ ಕಾಯಿಲೆ ಹೆಚ್ಚು. ಚಿಕಿತ್ಸೆಗಾಗಿ ಅವರು 500 ಕಿಲೋಮೀಟರು ಆಚೆಯ ಆಲಿಸ್ ಸ್ಪ್ರಿಂಗ್ಸ್ ಪಟ್ಟಣಕ್ಕೆ ಹೋಗಿ ಅಲ್ಲಿಯೇ ನೆಲಸಬೇಕಾಗಿತ್ತು. ನೆಲ, ಮೊಮ್ಮಕ್ಕಳು, ಮಾತನಾಡುವವರು ಎಲ್ಲರನ್ನೂ ಬಿಟ್ಟು ಹೋದ ಹಿರಿಯರು ಕೊರಗುತ್ತಿದ್ದರು. 2000ದಲ್ಲಿ ಆ ಪ್ರದೇಶದ ಚಿತ್ರಕಾರರು ತಮ್ಮ ಚಿತ್ರಗಳನ್ನು ಸಿಡ್ನಿಯಲ್ಲಿ ಹರಾಜಿಗಿಟ್ಟು ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿದರು. ಆ ಹಣದಿಂದ 2004ರಲ್ಲಿ ಕಿಂಟೋರಿನಲ್ಲಿಯೇ ಡಯಾಲಿಸಿಸ್ ಆರಂಭವಾಯಿತು. ‘ಪರ್ಪಲ್ ಹೌಸ್’ ಎಂದು ಪ್ರಸಿದ್ಧವಾದ ಅವರ ಸಂಸ್ಥೆ ಮುಂದೆ ಯಂತ್ರಗಳನ್ನು ಅಳವಡಿಸಿದ ಲಾರಿಯನ್ನೂ ಹಳ್ಳಿಹಳ್ಳಿಗೆ ಕಳುಹಿಸಿತು. ತಮ್ಮ ಕೈಕಸುಬಿನ ಬಲದಿಂದಲೇ ಒಂದು ಸಮುದಾಯ ತನ್ನ ಹಿರಿಯರನ್ನು ಊರಿಗೆ ಮರಳಿ ಕರೆತಂದ ಕಥೆ ಇದು.

ಹೋಲಿಕೆಯಿಂದ ಕಲಿಯುವುದೇನು?

ಈ ದೇಶಗಳನ್ನು ಸಾಲಾಗಿ ಇಟ್ಟು ನೋಡಿದರೆ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಪೊರೆಯ ವಿಜ್ಞಾನ ಎಲ್ಲೆಡೆಯೂ ಒಂದೇ. ರೋಗಿಯ ಆಯುಸ್ಸನ್ನು ಬಹುಮಟ್ಟಿಗೆ ನಿರ್ಧರಿಸುವುದು ಗಂಟೆಗಳು, ನೀರು, ದೂರ, ಹಣ ಇವು. ಎರಡನೆಯದು, ಯಂತ್ರವನ್ನು ರೋಗಿಯ ಹತ್ತಿರಕ್ಕೆ ತಂದಷ್ಟೂ ಅವನು ಚಿಕಿತ್ಸೆಯನ್ನು ತಪ್ಪಿಸುವುದು ಕಡಿಮೆಯಾಗುತ್ತದೆ. ಮೂರನೆಯದು, ಎಷ್ಟೇ ಸಿರಿವಂತ ದೇಶವಾದರೂ ಡಯಾಲಿಸಿಸ್ ಎಂಬುದು ಊರುಗೋಲೇ ಹೊರತು ಕಾಲಲ್ಲ. ಒಳ್ಳೆಯ ಪರಿಹಾರವೆಂದರೆ ಮೂತ್ರಪಿಂಡದ ಕಸಿ. ನಮ್ಮ ದೇಶದಲ್ಲಿ ಇದು 1971ರಲ್ಲಿ ವೆಲ್ಲೂರಿನಲ್ಲಿ ಯಶಸ್ವಿಯಾಯಿತು. 1994ರ ಕಾನೂನು ಇದಕ್ಕೆ ಕಟ್ಟುಪಾಡುಗಳನ್ನು ವಿಧಿಸಿದೆ. ಮರಣಾನಂತರದ ಅಂಗದಾನವನ್ನು ಕರ್ನಾಟಕದಲ್ಲಿ ‘ಜೀವಸಾರ್ಥಕತೆ’ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ.

ಕಸಿಗಿಂತಲೂ ಉತ್ತಮವಾದುದು ಕಾಯಿಲೆ ಬಾರದಂತೆ ನೋಡಿಕೊಳ್ಳುವುದು. ಮೂತ್ರಪಿಂಡ ಕೆಡಲು ಮುಖ್ಯ ಕಾರಣಗಳು ಸಕ್ಕರೆ ಕಾಯಿಲೆ ಮತ್ತು ರಕ್ತದ ಒತ್ತಡ. ಮೈಕೈ ನೋವಿಗೆ ವೈದ್ಯರನ್ನು ಕೇಳದೆ ಅಂಗಡಿಯಿಂದ ಮಾತ್ರೆ ತಂದು ದಿನಗಟ್ಟಲೆ ನುಂಗುವುದೂ ಹಾನಿಕರ. ಮಗ್ಗದ ಮುಂದೆ ದಿನವೆಲ್ಲ ಕುಳಿತು ಬೆನ್ನುನೋವಿನಿಂದ ನರಳುವವರು ಇದನ್ನು ಚೆನ್ನಾಗಿ ನೆನಪಿಡಬೇಕು. ಈ ರೋಗ ಬಹುಕಾಲ ನೋವಿಲ್ಲದೆ ಬೆಳೆಯುತ್ತದೆ. ಆದರೆ ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ, ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂಬ ಎರಡು ಸಣ್ಣ ಪರೀಕ್ಷೆಗಳಿಂದ ಅದು ಎಷ್ಟೋ ವರ್ಷ ಮೊದಲೇ ಗೊತ್ತಾಗುತ್ತದೆ.

ವಿದ್ಯಾರ್ಥಿಗಳು ಈ ಪಾಠದ ಬಳಿಕ ಮಾಡಬಹುದಾದ ಕೆಲಸವೊಂದಿದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ತಂದೆಯೋ, ಒತ್ತಡದ ಅಜ್ಜಿಯೋ ಇದ್ದರೆ, ಈ ಎರಡು ಪರೀಕ್ಷೆಗಳನ್ನು ಕಳೆದ ಒಂದು ವರ್ಷದಲ್ಲಿ ಮಾಡಿಸಿದ್ದಾರೆಯೇ ಎಂದು ಕೇಳಿರಿ. ಮಾಡಿಸಿರದಿದ್ದರೆ ನೀವೇ ಜೊತೆಗೆ ಹೋಗಿ ಮಾಡಿಸಿರಿ. ಇಂದು ಒಂದು ಬೆಳಗು ಜೊತೆಗೆ ಹೋದರೆ, ಮುಂದೆ ವಾರಕ್ಕೆ ಮೂರು ದಿನ ಹೋಗಬೇಕಾದ ಸಂದರ್ಭ ತಪ್ಪಬಹುದು.